ವಿಕಾಸಕ್ಕೆ ಅಂಟಿದ ‘ವಾದ’ದ ಬಾಲ

2023ರ ಬೇಸಿಗೆ. ಶಿರಸಿಯಿಂದ ತಂಗಿಯ ಮಗಳು ರಜೆಗೆಂದು ಕುಮಟಾದ ನಮ್ಮ ಮನೆಗೆ ಬಂದಿದ್ದಳು. ಹತ್ತನೇ ಕ್ಲಾಸು, ಸಿಬಿಎಸ್‌ಇ. ಸೀನಿಯರ್ ಹುಡುಗಿಯೊಬ್ಬಳಿಂದ ತಂದ ಹಳೆ ವಿಜ್ಞಾನ ಪುಸ್ತಕ ಹಿಡಿದು ಜಗಲಿ ಮೇಲೆ ಕೂತಿದ್ದಳು. ಸ್ಕೇಲು ಇಟ್ಟು ಪುಟಕ್ಕೆ ಪುಟ ಪೆನ್ಸಿಲ್ ಗೀಟು ಎಳೆಯುತ್ತಿದ್ದಳು. ಏನೇ ಅದು ಎಂದೆ.

“ಡಾರ್ವಿನ್ ಪರೀಕ್ಷೆಗೆ ಇಲ್ಲೆ ಮಾವ.”

ಮುಖದ ತುಂಬ ಖುಷಿ. ಹದಿನೈದರ ವಯಸ್ಸಿನಲ್ಲಿ ಒಂದು ಪಾಠ ಕಡಿಮೆಯಾದರೆ ಹಬ್ಬವೇ, ತಪ್ಪೇನಿಲ್ಲ. ಒಳಗಿಂದ ಆಯಿ ಕೇಳಿದಳು: “ಹಂಗಾರೆ ಮಂಗನಿಂದ ಮನುಷ್ಯ ಆದ ಹೇಳದು ಸುಳ್ಳಡ?”

ಆಯಿಗೆ ನಾನು ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಒಂದು ಮಾತಿನಲ್ಲಿ ಮುಗಿಯುವ ಉತ್ತರವೂ ಅಲ್ಲ ಅದು.

ಮೊದಲು ಗೀಟಿನ ವಿಷಯ. ಸಿಬಿಎಸ್‌ಇ ಶಾಲೆಗಳ ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ. ಅದರ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯ ಇತ್ತು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುತ್ತೇವೆ ಎಂದು ಕತ್ತರಿ ಹಿಡಿದಾಗ ಅದರ ಅರ್ಧ ಹೋಯಿತು. ಹೊಸ ಪುಸ್ತಕದಲ್ಲಿ ಹೆಸರು ‘ಅನುವಂಶೀಯತೆ’ ಅಷ್ಟೇ. ಹೊಸ ಜೀವಜಾತಿ ಹೇಗೆ ಹುಟ್ಟುತ್ತದೆ, ಪಳೆಯುಳಿಕೆ ಏನು ಹೇಳುತ್ತದೆ, ಮನುಷ್ಯನ ವಿಕಾಸ, ಎಲ್ಲ ಹೊರಗೆ. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಇದನ್ನು ವಾಪಸ್ ಸೇರಿಸಿ ಎಂದು ಬಹಿರಂಗ ಪತ್ರ ಬರೆದರು. ಸರ್ಕಾರದ ಕಡೆಯ ಉತ್ತರ: ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ವಿವರವಾಗಿಯೇ ಇದೆಯಲ್ಲ. ಇದೆ, ನಿಜ. ಆದರೆ ಹನ್ನೆರಡರಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳುವವರು ಎಷ್ಟು ಜನ? ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ ಅಂತ ಹೋಗುವ ಮಕ್ಕಳಿಗೆ ಹತ್ತನೇ ಕ್ಲಾಸೇ ಕೊನೆಯ ನಿಲ್ದಾಣ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ನಮ್ಮಲ್ಲಿ ಡಾರ್ವಿನ್‌ನನ್ನು ತೆಗೆದು ಆ ಜಾಗಕ್ಕೆ ದೇವರ ಸೃಷ್ಟಿಯ ಪಾಠ ಹಾಕಿಲ್ಲ. ಖಾಲಿ ಬಿಟ್ಟಿದ್ದಾರೆ. ಸೃಷ್ಟಿವಾದವನ್ನು ವಿಜ್ಞಾನದ ಪೀರಿಯಡ್ಡಿಗೇ ತರಬೇಕೆಂದು ಹಟ ಹಿಡಿದದ್ದು ಅಮೆರಿಕದಲ್ಲಿ. ಆ ಕಥೆಗೆ ಆಮೇಲೆ ಬರುತ್ತೇನೆ.

ಆಯಿಯ ಪ್ರಶ್ನೆ ಮೊದಲು. ಅದರಲ್ಲಿ ಅರ್ಧ ತಪ್ಪು ಆಯಿಯದ್ದಲ್ಲ, ನಮ್ಮ ಪದಗಳದ್ದು.

ಕನ್ನಡದಲ್ಲಿ ಇದಕ್ಕೆ ‘ವಿಕಾಸವಾದ’ ಎಂದು ಹೆಸರಿಟ್ಟೆವು. ಎದುರು ಪಕ್ಷಕ್ಕೆ ‘ಸೃಷ್ಟಿವಾದ’ ಎಂದೆವು. ವಾದ ಅಂದರೆ ಕೋರ್ಟಿನಲ್ಲಿ ವಕೀಲರು ಮಾಡುವುದು, ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಮಾಡುವುದು. ಎರಡು ವಾದ ಇದ್ದರೆ ಇಬ್ಬರಿಗೂ ಸಮ ಅವಕಾಶ ಕೊಡಬೇಕು ಅಂತ ಮನಸ್ಸು ತಾನಾಗಿ ಹೇಳುತ್ತದೆ. ಹೆಸರು ಕೇಳುತ್ತಿದ್ದ ಹಾಗೇ ಪಂದ್ಯ ಸಮಬಲ! ಐನ್‌ಸ್ಟೈನ್‌ಗೂ ಈ ಬಾಲ ಅಂಟಿದೆ ಅನ್ನಿ, ಸಾಪೇಕ್ಷತಾವಾದ ಎನ್ನುತ್ತೇವೆ. ಆದರೆ ಅವನ ಎದುರು ಪ್ರತಿವಾದ ಹೂಡಲು ಯಾರೂ ಕಾದು ಕೂತಿಲ್ಲ. ವಿಜ್ಞಾನದಲ್ಲಿ ಸಿದ್ಧಾಂತ ಅಂದರೆ ಬಾಯಿಗೆ ಬಂದ ಊಹೆಯಲ್ಲ. ಸಾವಿರಾರು ಗಮನಿಕೆಗಳನ್ನು ಒಟ್ಟಿಗೆ ಕಟ್ಟುವ, ಮತ್ತೆ ಮತ್ತೆ ಪರೀಕ್ಷೆ ಮಾಡಿಯೂ ಬೀಳದೆ ನಿಂತ ವಿವರಣೆ.

‘ವಿಕಾಸ’ವೂ ಸ್ವಲ್ಪ ದಾರಿ ತಪ್ಪಿಸುವ ಪದವೇ. ಹೂವು ವಿಕಾಸವಾಗುತ್ತದೆ, ಊರು ವಿಕಾಸವಾಗುತ್ತದೆ. ಅಂದರೆ ಮುಂಚಿಗಿಂತ ಚೆನ್ನಾಗುವುದು. ಹಾಗಾಗಿ ಇರುವೆಯಿಂದ ಶುರುವಾಗಿ ಮನುಷ್ಯನಲ್ಲಿ ಮುಗಿಯುವ ಏಣಿಯೊಂದು ತಲೆಯಲ್ಲಿ ಕೂತಿದೆ. ತಮಾಷೆ ಏನೆಂದರೆ, ‘ವಿಕಾಸವನ್ನು ಪ್ರಗತಿ ಎಂದು ತಿಳಿಯಬಾರದು’ ಎಂದು ಬಿಡಿಸಿ ಹೇಳುವ ಒಂದು ಭಾಗವೂ ಆ ಹಳೆ ಪುಸ್ತಕದಲ್ಲಿತ್ತು. ಅದರ ಮೇಲೂ ಪೆನ್ಸಿಲ್ ಗೀಟು.

ಹಾಗಾದರೆ ವಿಕಾಸ ಅಂದರೆ ಏನು? ಅಘನಾಶಿನಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾದ ಗಜನಿಗೆ ಬನ್ನಿ.

ಗಜನಿ ಅಂದರೆ ಹೊಳೆಯ ಪಕ್ಕದ ತಗ್ಗು ಗದ್ದೆ. ಮಳೆಗಾಲದಲ್ಲಿ ಭತ್ತ, ಆಮೇಲೆ ಸಿಗಡಿ, ಮೀನು. ಸಮುದ್ರ ಹತ್ತಿರ, ಹಾಗಾಗಿ ಉಬ್ಬರದ ಉಪ್ಪುನೀರಿನ ಕಾಟ ಇದ್ದದ್ದೇ. ಪೇಟೆಯಿಂದ ತಂದ ಸುಧಾರಿತ ಭತ್ತ ಅಲ್ಲಿ ಬದುಕುವುದು ಕಷ್ಟ. ಬದುಕುವುದು ಕಗ್ಗ ಎಂಬ ಭತ್ತ. ಉಪ್ಪನ್ನೂ ತಡೆಯುತ್ತದೆ, ನೆರೆನೀರಲ್ಲಿ ಮುಳುಗಿದರೂ ತಡೆಯುತ್ತದೆ. ಲ್ಯಾಬಿನಲ್ಲಿ ಕೂತು ಯಾರೋ ತಯಾರಿಸಿದ್ದಲ್ಲ ಅದು. ತಲೆತಲಾಂತರದಿಂದ ಇಲ್ಲಿನ ರೈತರ ಕೈಯಲ್ಲೇ ಇರುವ ತಳಿ.

ಅದು ಹಾಗಾದದ್ದು ಹೇಗೆ ಅಂತ ಯೋಚಿಸಿ. ಒಂದು ಗದ್ದೆಯ ಎಲ್ಲ ಸಸಿಗಳೂ ಒಂದೇ ಥರ ಇರುವುದಿಲ್ಲ. ಒಂದು ಸ್ವಲ್ಪ ಎತ್ತರ, ಒಂದು ಗಿಡ್ಡ, ಒಂದಕ್ಕೆ ಉಪ್ಪು ಚೂರು ಜಾಸ್ತಿ ಸಹಿಸುವ ಗುಣ. ಒಂದು ವರ್ಷ ಉಪ್ಪುನೀರು ನುಗ್ಗಿತು ಅಂತಿಟ್ಟುಕೊಳ್ಳಿ. ಮುಕ್ಕಾಲು ಪಾಲು ಕೊಳೆಯಿತು. ಉಳಿದ ಗಿಡಗಳಿಂದಲೇ ಮುಂದಿನ ವರ್ಷದ ಬೀಜ, ಬೇರೆ ದಾರಿಯೇ ಇಲ್ಲ. ಆ ಬೀಜದಲ್ಲಿ ಉಪ್ಪು ಸಹಿಸುವವು ಮೊದಲಿಗಿಂತ ಜಾಸ್ತಿ. ಇದು ಒಂದು ವರ್ಷ ನಡೆದರೆ ಏನೂ ಕಾಣುವುದಿಲ್ಲ. ನೂರಾರು ವರ್ಷ ನಡೆದರೆ ಕಗ್ಗ. ಇಲ್ಲಿ ಅರ್ಧ ಕೆಲಸ ಉಪ್ಪುನೀರಿನದು, ಅರ್ಧ ಬೀಜ ಆರಿಸಿಟ್ಟ ರೈತನದು. ರೈತನನ್ನು ತೆಗೆದು ಬರೀ ಗಾಳಿ, ನೀರು, ರೋಗ, ಹಸಿವೆಗೆ ಆ ಕೆಲಸ ಒಪ್ಪಿಸಿ, ನೂರರ ಬದಲು ಕೋಟಿ ವರ್ಷ ಕೊಡಿ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಅದೇ. 1859ರ ತನ್ನ ಪುಸ್ತಕವನ್ನು ಅವನು ಶುರು ಮಾಡಿದ್ದೂ ದೂರದ ದ್ವೀಪದಿಂದಲ್ಲ, ಜನ ಸಾಕಿದ ಪ್ರಾಣಿ, ಬೆಳೆಸಿದ ಗಿಡಗಳಿಂದ. ಪಾರಿವಾಳ ಸಾಕುವವರ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಕುಮಟಾದಲ್ಲಿ ಹುಟ್ಟಿದ್ದರೆ ಕಗ್ಗದ ಬಗ್ಗೆ ಬರೆಯುತ್ತಿದ್ದನೋ ಏನೋ.

ಇನ್ನೊಂದು ಗಮನಿಸಿ. ಒಳ್ಳೆ ಸಿಹಿನೀರಿನ ಗದ್ದೆಯಲ್ಲಿ ಹಾಕಿದರೆ ಇಳುವರಿಯಲ್ಲಿ ಕಗ್ಗ ಸುಧಾರಿತ ತಳಿಗೆ ಸೋಲುತ್ತದೆ. ಹಾಗಾದರೆ ಯಾವುದು ‘ವಿಕಾಸಗೊಂಡ’ ಭತ್ತ? ಪ್ರಶ್ನೆಯೇ ತಪ್ಪು. ಯಾವ ಗದ್ದೆಗೆ ಯಾವುದು ಒಗ್ಗಿದೆ ಅನ್ನುವುದಷ್ಟೇ ಪ್ರಶ್ನೆ.

ಈ ಸಣ್ಣ ಸಣ್ಣ ವ್ಯತ್ಯಾಸ ಮೊದಲು ಬರುವುದು ಎಲ್ಲಿಂದ? ನಕಲಿನ ತಪ್ಪಿನಿಂದ. ಯಕ್ಷಗಾನದ ಪ್ರಸಂಗಗಳನ್ನು ಹಿಂದೆ ಕೈಯಲ್ಲಿ ನಕಲು ಮಾಡುತ್ತಿದ್ದರು. ಬರೆಯುವಾಗ ಒಂದು ಅಕ್ಷರ ತಪ್ಪುತ್ತದೆ, ಒಂದು ಸಾಲು ಬಿಟ್ಟುಹೋಗುತ್ತದೆ. ಮುಂದಿನವನು ಅದನ್ನೇ ನೋಡಿ ಬರೆದರೆ ತಪ್ಪೂ ಸೇರಿ ನಕಲಾಗುತ್ತದೆ. ಡಿಎನ್‌ಎಯೂ ಹೀಗೆಯೇ ತಲೆಮಾರಿನಿಂದ ತಲೆಮಾರಿಗೆ ನಕಲಾಗುವ ಬರಹ. ತಪ್ಪುಗಳಲ್ಲಿ ಹೆಚ್ಚಿನವು ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಕೆಲವು ಹಾನಿ ಮಾಡುತ್ತವೆ. ಅಪರೂಪಕ್ಕೊಂದು ಉಪಯೋಗಕ್ಕೆ ಬರುತ್ತದೆ.

ಈ ತಪ್ಪುಗಳಿಂದ ಇನ್ನೊಂದು ಲಾಭ ಇದೆ. ಹೊನ್ನಾವರದ ಪ್ರತಿಯಲ್ಲೂ ಸಿದ್ದಾಪುರದ ಪ್ರತಿಯಲ್ಲೂ ಒಂದೇ ಪದ್ಯದ ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಏನು ಅಂದುಕೊಳ್ಳುತ್ತೀರಿ? ಎರಡೂ ಒಂದೇ ಮೂಲ ಪ್ರತಿಯಿಂದ ಬಂದಿವೆ ಅಂತ ತಾನೇ? ಸರಿ, ಈಗ ಇದನ್ನು ನೋಡಿ. ದನ, ನಾಯಿ, ಬೆಕ್ಕು ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಕೊಟ್ಟಿಗೆಯ ಹಸುವಿಗೆ ನಿಂಬೆಹಣ್ಣು ತಿನ್ನಿಸಬೇಕಿಲ್ಲ. ನಮಗೆ ಬೇಕು. ಅದನ್ನು ತಯಾರಿಸುವ ಜೀನು, ಅಂದರೆ ಡಿಎನ್‌ಎ ಬರಹದ ಆ ಪುಟ, ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಕೆಟ್ಟಿದೆ. ನಮ್ಮ ತೋಟಕ್ಕೆ ನುಗ್ಗುವ ಮಂಗಗಳಲ್ಲೂ ಕೆಟ್ಟಿದೆ. ಬೇರೆ ಬೇರೆಯಾಗಿ ಹೊಸದಾಗಿ ಬರೆದ ಪುಸ್ತಕಗಳಾಗಿದ್ದರೆ ಎಲ್ಲದರಲ್ಲೂ ಅದೇ ಹರಿದ ಪುಟ ಯಾಕೆ ಇರುತ್ತಿತ್ತು?

ಈಗ ಆಯಿಯ ಮಂಗ. ಮಂಗನಿಂದ ಮನುಷ್ಯ ಬಂದ ಅಂತ ಯಾವ ಜೀವಶಾಸ್ತ್ರಜ್ಞನೂ ಹೇಳುವುದಿಲ್ಲ. ಹಾಗೆ ಹೇಳುವುದು, ನಾನು ನನ್ನ ದೊಡ್ಡಪ್ಪನ ಮಗನಿಗೆ ಹುಟ್ಟಿದೆ ಅಂದ ಹಾಗೆ. ನಾವು ದಾಯಾದಿಗಳು. ಚಿಂಪಾಂಜಿಗೂ ನಮಗೂ ಹಿಸೆಯಾಗಿ ಸುಮಾರು 60–70 ಲಕ್ಷ ವರ್ಷ. ನಮ್ಮ ತೋಟದ ಮಂಗನಿಗೂ ನಮಗೂ ಹಿಸೆಯಾದದ್ದು ಇನ್ನೂ ಹಿಂದೆ, ಎರಡೂವರೆ ಮೂರು ಕೋಟಿ ವರ್ಷಗಳ ಕೆಳಗೆ. ಆ ಮೂಲ ಮನೆಯವರು ಈಗಿನ ಮಂಗನೂ ಅಲ್ಲ, ಮನುಷ್ಯನೂ ಅಲ್ಲ. ಬಾಳೆಗೊನೆಗಾಗಿ ಈಗಲೂ ನಡೆಯುವುದು ದಾಯಾದಿ ಜಗಳ ಅಂತ ಬೇಕಾದರೆ ಅನ್ನಿ. “ಹಾಗಾದರೆ ಈಗಿನ ಮಂಗ ಯಾಕೆ ಮನುಷ್ಯ ಆಗ್ತಾ ಇಲ್ಲ?” ಎಂಬ ಜಾಣ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ದೊಡ್ಡಪ್ಪನ ಮಗ ಯಾಕೆ ನೀನಾಗಲಿಲ್ಲ?

2018ರ ಜನವರಿಯಲ್ಲಿ ಅಂದಿನ ಕೇಂದ್ರ ಮಾನವ ಸಂಪನ್ಮೂಲ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಎತ್ತಿದ್ದೂ ಇದೇ ಮಾತು. ಮಂಗ ಮನುಷ್ಯನಾಗುವುದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ, ಹಾಗಾಗಿ ಡಾರ್ವಿನ್ ತಪ್ಪು, ಶಾಲೆಯ ಪಠ್ಯ ಬದಲಾಗಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಅದನ್ನು ತಳ್ಳಿಹಾಕಿದವು. ಕಣ್ಣಾರೆ ನೋಡಿಲ್ಲ ಅನ್ನುವುದೇ ಆಕ್ಷೇಪವಾದರೆ ಪೊಲೀಸರು ಒಂದು ಕಳ್ಳತನವನ್ನೂ ಪತ್ತೆ ಮಾಡುವಂತಿಲ್ಲ. ಸಚಿವರೇ ಹಿಂದೆ ಮುಂಬೈ ಪೊಲೀಸ್ ಕಮಿಷನರ್ ಆಗಿದ್ದವರು!

ನೋಡದ ಕಾಲದ ಬಗ್ಗೆಯೂ ಮುಂಚಿತವಾಗಿ ಹೇಳಿ, ಆಮೇಲೆ ಪರೀಕ್ಷಿಸಬಹುದು. ನೀರಿನ ಮೀನಿಗೂ ನೆಲದ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿಯ ಕುರುಹು ಸುಮಾರು 37.5 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಸಿಗಬೇಕು ಎಂದು ಲೆಕ್ಕ ಹಾಕಿದ ಒಂದು ತಂಡ ಕೆನಡಾದ ಹಿಮಪ್ರದೇಶದಲ್ಲಿ ವರ್ಷಗಟ್ಟಲೆ ಹುಡುಕಿತು. 2004ರಲ್ಲಿ ಸಿಕ್ಕಿತು. ಟಿಕ್ಟಾಲಿಕ್ ಎಂದು ಹೆಸರಿಟ್ಟರು. ಮೀನಿನ ಹಾಗೆ ಹುರುಪೆ, ರೆಕ್ಕೆ. ಆದರೆ ಕುತ್ತಿಗೆ ಇದೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ ಇದೆ. ಡೈನೋಸಾರ್‌ಗಿಂತ ಎಷ್ಟೋ ಹಿಂದಿನ ಇಂಥ ಕಲ್ಲಿನಲ್ಲಿ ಒಂದು ಮೊಲದ ಮೂಳೆ ಸಿಕ್ಕಿದ್ದರೆ ಇಡೀ ಲೆಕ್ಕ ತಲೆಕೆಳಗಾಗುತ್ತಿತ್ತು. ಇಷ್ಟು ವರ್ಷದಲ್ಲಿ ಅಂಥದ್ದು ಒಂದೂ ಸಿಕ್ಕಿಲ್ಲ.

ಅಷ್ಟು ದೂರ ಬೇಡ ಎಂದರೆ ಕಾರವಾರದ ಕಡಲಿನಲ್ಲಿ ದೋಣಿ ಹತ್ತಿ ಡಾಲ್ಫಿನ್ ನೋಡಿ. ಮೀನು ಬಾಲ ಬೀಸುವುದು ಎಡಕ್ಕೆ ಬಲಕ್ಕೆ. ಡಾಲ್ಫಿನ್ ಬೀಸುವುದು ಮೇಲೆ ಕೆಳಗೆ, ಓಡುವ ನಾಯಿಯ ಬೆನ್ನು ಬಾಗುವ ಹಾಗೆ. ಅದರ ಈಜುರೆಕ್ಕೆಯ ಒಳಗೆ ತೋಳಿನ ಮೂಳೆ, ಮಣಿಕಟ್ಟು, ಬೆರಳುಗಳು ಎಲ್ಲ ಇವೆ. ನೆಲದ ಮೇಲೆ ನಡೆಯುತ್ತಿದ್ದವರ ವಂಶ, ವಾಪಸ್ ನೀರಿಗಿಳಿದದ್ದು.

ಇನ್ನು ಅಮೆರಿಕ. ಅಲ್ಲಿನ ಒಂದು ಗುಂಪಿನ ಕ್ರೈಸ್ತರು ಬೈಬಲ್ಲಿನ ಆರು ದಿನದ ಸೃಷ್ಟಿಯನ್ನು ಅಕ್ಷರಶಃ ನಂಬುತ್ತಾರೆ. ಭೂಮಿಗೆ ಆರು ಸಾವಿರ ವರ್ಷ, ಇಲ್ಲವೇ ಸ್ವಲ್ಪ ಜಾಸ್ತಿ ಎನ್ನುತ್ತಾರೆ. ವಿಜ್ಞಾನದ ಲೆಕ್ಕ ಸುಮಾರು 454 ಕೋಟಿ ವರ್ಷ. ಎಲ್ಲ ಕ್ರೈಸ್ತರೂ ಹೀಗೆ ಅಂದುಕೊಳ್ಳಬೇಡಿ. ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದ್ದಾರೆ. ನಮ್ಮ ಕರಾವಳಿಯ ಚರ್ಚುಗಳಲ್ಲಿ ಹೆಚ್ಚಿನವು ಅವರ ಕ್ಯಾಥೊಲಿಕ್ ಸಭೆಯವೇ.

1925ರಲ್ಲಿ ಟೆನೆಸಿ ರಾಜ್ಯ ಸರ್ಕಾರಿ ಶಾಲೆಗಳಲ್ಲಿ ಮನುಷ್ಯನ ವಿಕಾಸ ಕಲಿಸುವುದನ್ನೇ ಅಪರಾಧ ಮಾಡಿತು. ಡೇಟನ್ ಎಂಬ ಊರಿನ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಕೇಸು ಬಿತ್ತು. ಊರಿಗೆ ಹೆಸರು ಬರಲಿ ಅಂತ ಊರಿನ ಪ್ರಮುಖರೇ ಮುಂದೆ ನಿಂತು ಹಾಕಿಸಿದ ಕೇಸು ಅದು. ಜಾತ್ರೆಯಷ್ಟು ಜನ ಸೇರಿದರು. ಸ್ಕೋಪ್ಸ್‌ಗೆ 100 ಡಾಲರ್ ದಂಡ. ಮೇಲಿನ ಕೋರ್ಟು ತಾಂತ್ರಿಕ ಕಾರಣಕ್ಕೆ ಅದನ್ನು ರದ್ದು ಮಾಡಿತು, ಕಾನೂನು ಮಾತ್ರ 1967ರವರೆಗೂ ಹಾಗೇ ಉಳಿಯಿತು. ಮರುವರ್ಷ, ಅಂದರೆ 1968ರಲ್ಲಿ, ಇಂಥ ನಿಷೇಧವೇ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಸರ್ಕಾರಿ ಶಾಲೆ ಒಂದು ಧರ್ಮದ ಕೆಲಸ ಮಾಡುವಂತಿಲ್ಲ ಅನ್ನುವುದು ಕಾರಣ.

ತಡೆಯಲು ಆಗದಿದ್ದಾಗ ಮಾತಿನ ವರಸೆ ಬದಲಾಯಿತು: ಸರಿ, ಎರಡನ್ನೂ ಕಲಿಸಿ. ಕೇಳಲು ಎಷ್ಟು ನ್ಯಾಯವಾಗಿದೆ, ಅಲ್ವಾ? ಲೂಯಿಸಿಯಾನಾ ರಾಜ್ಯ ಅದನ್ನೇ ಕಾನೂನು ಮಾಡಿತ್ತು. ಅದೂ 1987ರಲ್ಲಿ ಬಿದ್ದಿತು. ಆಮೇಲೆ ‘ಸೃಷ್ಟಿ’ ಎಂಬ ಪದವೇ ಮಾಯವಾಗಿ ‘ಬುದ್ಧಿವಂತ ವಿನ್ಯಾಸ’ ಬಂತು. ಜೀವಿಗಳು ಎಷ್ಟು ಜಟಿಲ ಅಂದರೆ ಯಾರೋ ವಿನ್ಯಾಸ ಮಾಡಿರಲೇಬೇಕು, ಯಾರು ಅಂತ ನಾವು ಹೇಳುವುದಿಲ್ಲ ಅನ್ನುವ ವರಸೆ. ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲಾ ಮಂಡಳಿ ಇದನ್ನು ಮಕ್ಕಳ ಕಿವಿಗೆ ಹಾಕಲು ಹೊರಟಿತು. ಹನ್ನೊಂದು ಪೋಷಕರು ಕೋರ್ಟಿಗೆ ಹೋದರು.

ಆ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ನನಗೆ ಬಹಳ ಇಷ್ಟ. ವಿನ್ಯಾಸದ ಪರವಾಗಿದ್ದ ಪಠ್ಯಪುಸ್ತಕದ ಹಳೆಯ ಕರಡುಗಳನ್ನು ತರಿಸಿದರು. 1987ರ ತೀರ್ಪಿಗೆ ಮುಂಚಿನ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಎಂದಿದ್ದ ಕಡೆಯೆಲ್ಲ ತೀರ್ಪಿನ ನಂತರ ‘ವಿನ್ಯಾಸದ ಪ್ರತಿಪಾದಕರು’ ಎಂದಾಗಿತ್ತು. ವಾಕ್ಯಗಳು ಅವೇ. ಒಂದು ಕಡೆ ಅವಸರದಲ್ಲಿ ಹಳೆ ಪದ ಪೂರ್ತಿ ಅಳಿಸಿರಲಿಲ್ಲ. ಇಂಗ್ಲಿಷಿನ ‘ಕ್ರಿಯೇಷನಿಸ್ಟ್ಸ್’ನ ತಲೆಯ ಒಂದಕ್ಷರ ಮುಂದೆ, ಬಾಲ ಹಿಂದೆ, ನಡುವೆ ಹೊಸ ಪದ ಸಿಕ್ಕಿಹಾಕಿಕೊಂಡು ಯಾವ ನಿಘಂಟಿನಲ್ಲೂ ಇಲ್ಲದ ಪದವೊಂದು ಹುಟ್ಟಿತ್ತು. ಪ್ರಸಂಗದ ಪ್ರತಿಯ ನಕಲಿನ ತಪ್ಪು ಹೇಳಿದೆನಲ್ಲ, ಅದೇ ಕಥೆ. ಪುಸ್ತಕದ ವಂಶ ಯಾವುದೆಂದು ಅದರ ತಪ್ಪೇ ಹೇಳಿಬಿಟ್ಟಿತು. 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್, ಇದು ವಿಜ್ಞಾನವಲ್ಲ, ಸೃಷ್ಟಿವಾದದ್ದೇ ಇನ್ನೊಂದು ರೂಪ ಎಂದು ತೀರ್ಪು ಕೊಟ್ಟರು. ಅವರನ್ನು ನೇಮಿಸಿದ್ದು ದೈವಭಕ್ತ ಕ್ರೈಸ್ತರೆಂದೇ ಹೆಸರಾದ ಅಧ್ಯಕ್ಷ ಜಾರ್ಜ್ ಬುಷ್ ಜೂನಿಯರ್. ಹಾಗಾಗಿ ದೇವರ ವಿರೋಧಿ ಜಡ್ಜ್ ಅಂತ ಬೈಯಲೂ ಕಷ್ಟವಾಯಿತು.

“ಎರಡನ್ನೂ ಕಲಿಸಿದರೆ ತಪ್ಪೇನು, ಮಕ್ಕಳೇ ಆರಿಸಿಕೊಳ್ಳಲಿ” ಎನ್ನುವವರು ನಮ್ಮಲ್ಲೂ ಇದ್ದಾರೆ. ಅವರನ್ನು ನಾನು ಯಾಣಕ್ಕೆ ಕರೆಯುತ್ತೇನೆ. ತಂಗಿಯ ಮಗಳನ್ನೂ ಆ ರಜೆಯಲ್ಲೇ ಕರೆದುಕೊಂಡು ಹೋಗಿದ್ದೆ.

ಕಾಡಿನ ನಡುವೆ ಕಪ್ಪು ಬಂಡೆಗಳು ಥಟ್ಟನೆ ಎದ್ದು ನಿಲ್ಲುತ್ತವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಮೋಹಿನಿಯ ಜೊತೆ ಕುಣಿಯುತ್ತ ಭಸ್ಮಾಸುರ ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದದ್ದು ಇಲ್ಲೇ, ಈ ಮಣ್ಣು ಕಪ್ಪಗಿರುವುದು ಅವನ ಬೂದಿಯಿಂದ ಅನ್ನುತ್ತಾರೆ. ಭೂವಿಜ್ಞಾನಿಗಳನ್ನು ಕೇಳಿದರೆ ಇದು ಸುಣ್ಣದಕಲ್ಲು, ಮಳೆನೀರು ಎಷ್ಟೋ ಕಾಲ ಕರಗಿಸಿ ಕೆತ್ತಿದ ಆಕಾರ ಎನ್ನುತ್ತಾರೆ. ಅವಳು ಬಂಡೆಯ ಅಂಚಿಗೆ ಕೈಯಾಡಿಸಿ ನೋಡಿದಳು. ಚೂಪು ಚೂಪು. ಭೈರವೇಶ್ವರನಿಗೆ ಕೈಮುಗಿದಳು, ತೀರ್ಥ ತಗೊಂಡಳು. ಸುಣ್ಣದಕಲ್ಲು ನೀರಲ್ಲಿ ಹೇಗೆ ಕರಗುತ್ತೆ ಅಂತ ದಾರಿಯುದ್ದಕ್ಕೂ ಕೇಳಿದಳು. ಅವಳಿಗೆ ಎರಡರ ನಡುವೆ ಜಗಳ ಕಾಣಲೇ ಇಲ್ಲ.

ಜಗಳ ಶುರುವಾಗುವುದು ಭೂಗೋಳದ ಪರೀಕ್ಷೆಯಲ್ಲಿ ‘ಯಾಣದ ಬಂಡೆ ಹೇಗೆ ಉಂಟಾಯಿತು’ ಎಂಬ ಪ್ರಶ್ನೆಗೆ ಭಸ್ಮಾಸುರನನ್ನು ಬರೆದು ಅಂಕ ಕೇಳಿದಾಗ. ಸುಣ್ಣದಕಲ್ಲು ಅನ್ನುವ ಮಾತು ತಪ್ಪಿದ್ದರೆ ಕಲ್ಲನ್ನು ಪರೀಕ್ಷಿಸಿ ತಪ್ಪು ಅಂತ ತೋರಿಸಬಹುದು. ಭಸ್ಮಾಸುರನ ಕಥೆಯನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ, ಪರೀಕ್ಷಿಸಬೇಕಾಗಿಯೂ ಇಲ್ಲ. ಕೊಟ್ಟ ವರವೇ ಕೊಟ್ಟವನನ್ನು ಅಟ್ಟಿಸಿಕೊಂಡು ಬರುವ ಆ ಕಥೆ ರಾತ್ರಿ ಎರಡು ಗಂಟೆಗೆ ರಂಗಸ್ಥಳದಲ್ಲಿ ಮಾಡುವ ಕೆಲಸವೇ ಬೇರೆ. ಕನ್ನಡದ ಪೀರಿಯಡ್ಡಿನಲ್ಲಿ ಧಾರಾಳವಾಗಿ ಕಲಿಸಲಿ. ಪರಶುರಾಮ ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿದ ಕಥೆಯೂ ಅಷ್ಟೇ. ನಮ್ಮ ಕರಾವಳಿ ಪರಶುರಾಮ ಸೃಷ್ಟಿ ಅನ್ನುತ್ತೇವೆ. ಭಾರತ ಮತ್ತು ಮಡಗಾಸ್ಕರ್ ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ ಬೇರೆಯಾದದ್ದು ಈ ಪಶ್ಚಿಮ ತೀರದ ಗುಂಟ ಎಂದೂ ಓದುತ್ತೇವೆ. ಎರಡನೆಯದನ್ನು ಹೇಳಿಕೊಟ್ಟಿದ್ದಕ್ಕೆ ಇಲ್ಲಿ ಯಾವ ಮೇಷ್ಟರ ಮೇಲೂ ಯಾರೂ ಸಿಟ್ಟಾಗಿದ್ದು ನಾನು ಕಾಣೆ.

ದಶಾವತಾರದ ಮಾತೂ ಬಂದೇ ಬರುತ್ತದೆ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ. ನೀರಿನಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ. ಡಾರ್ವಿನ್‌ಗಿಂತ ಮೊದಲೇ ನಮ್ಮವರು ಹೇಳಿದ್ದರು ಅನ್ನುತ್ತಾರೆ. ಸಾಲು ಚೆಂದ ಇದೆ, ಒಪ್ಪುತ್ತೇನೆ. ಆದರೆ ಕೂರ್ಮ ಮತ್ಸ್ಯನ ಮೊಮ್ಮಗನಲ್ಲ. ಪ್ರತಿ ಸಲ ಇಳಿದು ಬರುವವನು ಅದೇ ವಿಷ್ಣು, ಬರುವುದು ಒಂದು ಕಷ್ಟ ಪರಿಹರಿಸಲು. ಅಲ್ಲಿ ವಂಶವೃಕ್ಷವೇ ಇಲ್ಲ. ಅದನ್ನು ಎಳೆದು ತಂದು ಜೀವಶಾಸ್ತ್ರಕ್ಕೆ ಕಟ್ಟಿದರೆ ಕೆಟ್ಟ ಜೀವಶಾಸ್ತ್ರವೂ ಆಗುತ್ತದೆ, ಪುರಾಣವೂ ಬಡವಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ವಿಕಾಸದಲ್ಲಿ ಎಲ್ಲ ಪ್ರಶ್ನೆ ಮುಗಿದಿದೆ ಅಂತಲ್ಲ. ಮೊದಲ ಜೀವ ಹೇಗೆ ಹುಟ್ಟಿತು ಅನ್ನುವುದು ಬೇರೆಯೇ ವಿಷಯ, ಇನ್ನೂ ಹುಡುಕಾಟ ನಡೆದಿದೆ. ವಿಕಾಸವನ್ನು ಯಾರು ನಡೆಸಿದರು, ಯಾಕೆ ಅನ್ನುವ ಪ್ರಶ್ನೆಗೆ ಈ ಪಾಠ ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ. ಹಾಗಾಗಿ ಮೇಷ್ಟರು ‘ನಂಬಿ’ ಎಂದು ಮಕ್ಕಳಿಗೆ ಹೇಳಬೇಕಿಲ್ಲ. ಅರ್ಥವಾಯಿತಾ ಎಂದು ಕೇಳಿದರೆ ಸಾಕು. ಮನೆಗೆ ಹೋಗಿ ಅಜ್ಜಿಯ ಹತ್ರ ವಾದ ಮಾಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ನಮ್ಮ ಮನೆಯ ಹುಡುಗಿ ವಾದವನ್ನೇನೂ ಮಾಡಲಿಲ್ಲ. ಯಾಣದಿಂದ ಬಂದ ಸಂಜೆ ಆಯಿಗೆ ವಿಟಮಿನ್ ಸಿಯ ಕಥೆ ಹೇಳಿದಳು. ಆಯಿ ಕೇಳಿ, “ಹೌದನೆ?” ಎಂದು ಹಿತ್ತಲಿನ ಮಂಗನ ಕಡೆ ಒಮ್ಮೆ ನೋಡಿ, ಕಲ್ಲು ಬೀರಿ ಓಡಿಸಿದಳು.

ಹುಡುಗಿ ಮುಂದೆ ಪಿಯುಸಿಗೆ ಕಾಮರ್ಸ್ ತಗೊಂಡಳು. ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರದ ಪುಸ್ತಕವನ್ನು ತೆರೆಯುವ ಸಂದರ್ಭವೇ ಅವಳಿಗೆ ಬರಲಿಲ್ಲ. ಆ ಹತ್ತನೇ ಕ್ಲಾಸಿನ ಹಳೆ ಪುಸ್ತಕ ನಮ್ಮ ಮನೆಯಲ್ಲೇ ಉಳಿದುಹೋಗಿದೆ. ಪೆನ್ಸಿಲ್ ಗೀಟಿನ ಕೆಳಗೆ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ.